ಇಲ್ಲದ ಗಡ್ಡೆ

ಜನವರಿ 18, 2007, ಗುರುವಾರ

ಅರಸೀಕೆರೆಯ ನಾಟಕ ಮುಗಿಸಿ ಬೆಳಗಿನ ಬಸ್ಸಿಗೆ ಕೊಟ್ಟೂರಿಗೆ ಬಂದೆ. ಅವ್ವ ಮಂಡಕ್ಕಿ ಭಟ್ಟಿಗೆ ಹೋಗಿದ್ದಾಳೆ. ಮನೆಯಲ್ಲಿ ಯಾರೂ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಇದು ನನ್ನ ಪಾರ್ಟಿನ ನೋಟುಬುಕ್ಕು. ಮುಂದಿನಿಂದ ಹೀರೋಯಿನ್ ಮಾತುಗಳು, ಹಿಂದಿನಿಂದ ಇದು. ನಾನು ಓದಿದ್ದು ನಾಲ್ಕನೇ ಕ್ಲಾಸು. ಉಳಿದ ಅಕ್ಷರವೆಲ್ಲ ಹತ್ತು ವರ್ಷ ಪಾರ್ಟು ಬರೆದುಕೊಂಡು ಕಲಿತದ್ದು. ಬೇರೆಯವರ ಮಾತಾದರೆ ಕೈ ತಾನೇ ಓಡುತ್ತದೆ. ಈ ನಾಲ್ಕು ಸಾಲಿಗೆ ಎರಡು ಸಲ ಎದ್ದು ಬಾಗಿಲು ನೋಡಿ ಬಂದೆ.

ನಿನ್ನೆ ಮೂರನೇ ಸೀನಿನಲ್ಲಿ ನಾನು ಅಳುತ್ತಾ ಗಂಡನ ಕಾಲು ಹಿಡಿದಿದ್ದೆ. ಮೈಕಿನಲ್ಲಿ ನೋಟು ಕೊಡುವವರ ಹೆಸರು ಕೂಗಿದರು. ನಮ್ಮ ಕಡೆ ಪಾರ್ಟು ಮೆಚ್ಚಿದರೆ ಸ್ಟೇಜಿಗೇ ಬಂದು ನೋಟು ಚುಚ್ಚುತ್ತಾರೆ. ಆಗ ಎದ್ದು ನಿಲ್ಲಬೇಕು, ಅವರು ಇಳಿದು ಹೋದ ಮೇಲೆ ಮತ್ತೆ ಅಳಬೇಕು. ಬಂದವರು ಬಹಳ ವಯಸ್ಸಾದವರು. ಕೈ ನಡುಗುತ್ತಿತ್ತು. ಗುಂಡುಪಿನ್ನು ಸೆರಗಿಗೆ ಹಾಕಿದರು, ನಾನು ಕೈ ಮುಗಿದೆ, ಅಳು ಮುಂದುವರಿಸಿದೆ. ಜನ ಸಿಳ್ಳು ಹಾಕಿದರು. ಇಷ್ಟು ಚೆನ್ನಾಗಿ ಯಾವತ್ತೂ ಮಾಡಿಲ್ಲ ಅಂದುಕೊಂಡೆ.

ಪರದೆ ಬಿದ್ದ ಮೇಲೆ ಗಾದೆಕ್ಕ ನನ್ನ ರಟ್ಟೆ ಹಿಡಿದು ಒಳಗೆ ಎಳೆದಳು. ಆಕೆ ಹಗರಿಬೊಮ್ಮನಹಳ್ಳಿಯ ಗಾದೆಮ್ಮ. ಒಂದು ಕಾಲಕ್ಕೆ ಹೀರೋಯಿನ್, ಈಗ ತಾಯಿ ಪಾರ್ಟು.

"ಲೇ ದುರುಗಿ, ರಕ್ತ ಬಂದೈತಲ್ಲೇ! ಪಿನ್ನು ಮೈಯಾಗ ಇಳದೈತಿ. ನಿನಗ ಗೊತ್ತಾಗಲಿಲ್ಲೇನು?"

ನೋಡಿದೆ. ಪಿನ್ನು ರವಿಕೆ ದಾಟಿ ಎಡಗಡೆ ಒಳಗೆ ಹೋಗಿತ್ತು. ಸುತ್ತ ಎಂಟಾಣೆಯಗಲ ರಕ್ತ.

"ಪಾರ್ಟಿನಾಗ ಇದ್ನೆಕ್ಕ, ಗೊತ್ತಾಗಲಿಲ್ಲ" ಎಂದೆ.

ಹಾರ್ಮೋನಿಯಂ ಮಾಸ್ಟರು ಹುಲುಗಣ್ಣ ಅಲ್ಲೇ ಇದ್ದರು. "ಕಲಾವಿದೆ ಅಂದ್ರ ಇಕಿ ನೋಡ್ರಿ!" ಎಂದು ಎಲ್ಲರಿಗೂ ಹೇಳಿಕೊಂಡು ಬಂದರು. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ನನಗೆ ಗೊತ್ತಾಗದೆ ಹೋದದ್ದು ಪಾರ್ಟಿನಿಂದ ಅಲ್ಲ. ಅಲ್ಲಿ ನನಗೆ ಮುಟ್ಟಿದ್ದು ತಿಳಿಯುವುದಿಲ್ಲ.

ಜನವರಿ 21, ಭಾನುವಾರ

ಒಮ್ಮೆ ಪೂರ್ತಿ ಬರೆದುಬಿಡುತ್ತೇನೆ. ಆಮೇಲೆ ಹಾಳೆ ಹರಿದರಾಯಿತು.

ನಾಲ್ಕು ವರ್ಷದ ಹಿಂದೆ ಚಿಗಟೇರಿಯಲ್ಲಿ ನನ್ನ ಮೊದಲನೇ ಹೀರೋಯಿನ್ ಪಾರ್ಟು. ನನ್ನ ಮೈ ಹಲಗೆಯ ಹಾಗೆ. ಎಲ್ಲರೂ ಮಾಡುವಂತೆ ನಾನೂ ರವಿಕೆಯೊಳಗೆ ಬಟ್ಟೆ ಸುತ್ತಿ ಇಟ್ಟುಕೊಂಡಿದ್ದೆ. ಹಾಡಿನಲ್ಲಿ ಒಂದು ಸುತ್ತು ತಿರುಗಿದೆ. ಬಟ್ಟೆಯ ಉಂಡೆ ಜಾರಿ ಸೊಂಟಕ್ಕೆ ಬಂತು, ಅಲ್ಲಿಂದ ಸ್ಟೇಜಿನ ಮೇಲೆ ಬಿತ್ತು.

"ಏ, ಹೀರೋಯಿನ್ ಹಡದ್ಲು ನೋಡ್ರಲೇ!" ಎಂದ ಒಬ್ಬ.

"ಗಂಡೋ ಹೆಣ್ಣೋ?" ಎಂದ ಇನ್ನೊಬ್ಬ.

ಆ ನಗು ಇವತ್ತಿಗೂ ಕಿವಿಯಲ್ಲಿದೆ. ಆಮೇಲೆ ಒಂದು ವರ್ಷ ನನಗೆ ತಂಗಿ ಪಾರ್ಟು ಬಿಟ್ಟು ಬೇರೆ ಸಿಗಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಕೊಂಡ ವಾರಪತ್ರಿಕೆಯ ಹಿಂದಿನ ಪುಟದಲ್ಲಿ ಎದೆ ತುಂಬಿಸಿಕೊಡುವ ಬೆಂಗಳೂರಿನ ಡಾಕ್ಟರೊಬ್ಬರ ಜಾಹೀರಾತು ನೋಡಿದೆ. ಯಾರೂ ನನಗೆ ಹೋಗು ಎನ್ನಲಿಲ್ಲ. ನಾನೇ ಹೋದೆ. ಎದೆಯ ಎರಡೂ ಕಡೆ ಒಳಗೆ ಮೆತ್ತನೆಯ ಚೀಲ ಇಡಿಸಿಕೊಂಡು ಬಂದೆ. ಯಾರನ್ನಾದರೂ ಬೈಯಲು ಒಬ್ಬರು ಇದ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಅವ್ವನಿಗೆ ಗಡ್ಡೆ ಎಂದು ಹೇಳಿದೆ. ಎದೆಯಲ್ಲಿ ಗಡ್ಡೆ ಇತ್ತು, ತೆಗೆದರು ಎಂದೆ. ಅವಳು ಗೋಳಾಡಿದಳು. ಸಮಾಧಾನಕ್ಕೆ ಇನ್ನೂ ಒಂದು ಸೇರಿಸಿದೆ: "ಎರಡು ವರ್ಷದಿಂದ ಇತ್ತವ್ವ, ನೋವಿಲ್ಲ ಏನಿಲ್ಲ, ಅಂಥಾ ಅವಸರದ್ದೂ ಅಲ್ಲ."

ಅವ್ವ ಊರಮ್ಮನಿಗೆ ಬೇಡಿಕೊಂಡು ಎಲೆ ಅಡಿಕೆ ಬಿಟ್ಟಳು. ನಾನು ಹುಟ್ಟಿದಾಗಿನಿಂದ ಅವಳ ಬಾಯಿ ಕೆಂಪಗಲ್ಲದೆ ಕಂಡವಳಲ್ಲ. ಎರಡೂವರೆ ವರ್ಷವಾಯಿತು. ಊಟವಾದ ಮೇಲೆ ಈಗಲೂ ಅವಳ ಕೈ ಸೊಂಟದ ಸಂಚಿಗೆ ಹೋಗುತ್ತದೆ. ಅಲ್ಲಿ ಸಂಚಿ ಇರುವುದಿಲ್ಲ. ನಾನು ಬೇರೆ ಕಡೆ ನೋಡುತ್ತೇನೆ.

ಜನವರಿ 25, ಗುರುವಾರ

ಎಡಗಡೆಯದು ಗಟ್ಟಿಯಾಗಿದೆ. ಬೇಲದ ಕಾಯಿಯ ಹಾಗೆ. ಮೇಲಕ್ಕೂ ಸರಿದಿದೆ. ಆರು ತಿಂಗಳಿಂದ ಹೀಗೇ ಇತ್ತು, ಬರೆದದ್ದು ಇವತ್ತು.

ಫೆಬ್ರವರಿ 1, ಗುರುವಾರ

ಹೊಲಿಗೆ ದಾರ ತರುತ್ತೇನೆಂದು ಅವ್ವನಿಗೆ ಹೇಳಿ ದಾವಣಗೆರೆಗೆ ಹೋದೆ. ಲೇಡಿ ಡಾಕ್ಟರು. ಮುಟ್ಟಿ ನೋಡಿದರು. ಪಿನ್ನಿನಿಂದ ಚೀಲ ಒಡೆದಿದೆಯೇನೋ ಎಂದು ಕೇಳಿದೆ.

"ಗುಂಡುಪಿನ್ನು ಅಷ್ಟು ಒಳಗೆ ಹೋಗಲ್ಲಮ್ಮ" ಎಂದರು. ಚೀಲದ ಸುತ್ತ ನನ್ನ ಮೈಯೇ ಒಂದು ಪೊರೆ ಕಟ್ಟಿದೆಯಂತೆ, ಆ ಪೊರೆ ಬಿಗಿದುಕೊಂಡು ಚೀಲವನ್ನು ಹಿಂಡುತ್ತಿದೆಯಂತೆ. ತಾನಾಗಿ ಬಿಡುವುದಿಲ್ಲ. ಮತ್ತೆ ಕೊಯ್ದು ಹೊಸದು ಇಡಬಹುದು, ಹೊಸದೂ ಬಿಗಿಯಬಹುದು. ಎರಡನ್ನೂ ತೆಗೆದೇ ಬಿಡಬಹುದು. ತಡೆದುಕೊಳ್ಳುವಷ್ಟು ದಿನ ಹೀಗೇ ಇರಲೂಬಹುದು. ಪ್ರತಿ ಗುರುವಾರ ಅದಕ್ಕೆಂದೇ ಒಬ್ಬ ಸರ್ಜನ್ ಬರುತ್ತಾರೆ.

"ಮನೆಯಲ್ಲಿ ಮಾತಾಡಿ ಬನ್ನಿ. ಯಾರಿಗೆ ಗೊತ್ತು?"

"ಯಾರಿಗೂ ಇಲ್ರಿ."

"ಏನು ಕೆಲಸ ಮಾಡ್ತೀರಿ?"

ಬಾಯಿಗೆ ಬಂದದ್ದು ಹೇಳಿದೆ. "ಟೈಲರ್ ರೀ."

ಹೊರಗೆ ಚೀಟಿ ಕೊಡುವ ನರ್ಸು ಕೇಳಿದಳು: "ಬ್ಲೌಸಿಗೆ ಎಷ್ಟು ತಗೋತೀಯವ್ವ? ಲೈನಿಂಗ್ ಹಾಕ್ತೀಯೇನು?" ಹಾಕುತ್ತೇನೆ ಎಂದು ಹೇಳಿ ಓಡಿಬಂದೆ. ಒಂದು ಗುಂಡಿ ಹಚ್ಚಲು ಬರುವುದಿಲ್ಲ ನನಗೆ.

ಫೆಬ್ರವರಿ 7, ಬುಧವಾರ

ಹಂಪಸಾಗರದಲ್ಲಿ ತಾಲೀಮು. ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಗಾದೆಕ್ಕ ನನ್ನ ಪಕ್ಕ ಬಂದು ಕುಳಿತಳು. ರೊಟ್ಟಿ ಮುರಿಯುತ್ತಾ ಮೆಲ್ಲಗೆ ಹೇಳಿದಳು.

"ಆಸ್ಪತ್ರಿಗಿ ತೋರಿಸ್ದೇನು?"

"ಯಾತಕ್ಕಕ್ಕ?"

"ನನ್ನ ಮುಂದ ಪಾರ್ಟ್ ಮಾಡಬ್ಯಾಡ. ಮೂವತ್ತು ವರ್ಷ ಹತ್ತಿ ತುಂಬ್ಕೊಂಡು ಕುಣದಾಕಿ ನಾನು. ಹತ್ತಿ ಯಾವುದು, ಮೈ ಯಾವುದು, ಮ್ಯಾಲೆ ಕೂಡ್ಸಿದ್ದು ಯಾವುದು ನನಗ ತಿಳಿಯಂಗಿಲ್ಲೇನು? ಬೆಂಗ್ಳೂರಿಂದ ಬಂದ ದಿನಾನ ತಿಳೀತು."

ಇಷ್ಟು ದಿನ ಗೊತ್ತಿದ್ದೂ ಪಕ್ಕದಲ್ಲಿ ಕುಳಿತು ಬಣ್ಣ ಹಚ್ಚಿದ್ದಾಳೆ.

"ತಗಿಸಿ ಒಗಿ ಅದನ್ನ. ಹತ್ತಿಗೇನು ಬರ ಬಂದೈತಿ?"

"ನಿನಗೇನಕ್ಕ, ತಾಯಿ ಪಾರ್ಟು. ನಿನ್ನ ಎದೆ ಯಾರು ನೋಡ್ತಾರ?"

ಗಾದೆಕ್ಕ ಕೈಯಲ್ಲಿದ್ದ ರೊಟ್ಟಿ ತಟ್ಟೆಗೆ ಹಾಕಿದಳು. ಎದ್ದು ಕೈ ತೊಳೆಯಲು ಹೋದಳು. ಅವಳ ತಟ್ಟೆಯಲ್ಲಿ ಅರ್ಧ ರೊಟ್ಟಿ ಉಳಿದಿತ್ತು. ಆಮೇಲೆ ತಾಲೀಮಿನಲ್ಲಿ ಅವಳು ನನಗೆ "ಮಗಳೇ" ಎನ್ನಬೇಕಾದಲ್ಲೆಲ್ಲ ಸರಿಯಾಗಿಯೇ ಅಂದಳು.

ಫೆಬ್ರವರಿ 10, ಶನಿವಾರ

ಹೊಸದು ಇಡಿಸಿಕೊಳ್ಳುವುದೇ ಸರಿ. ಮಳೆಗಾಲದಲ್ಲಿ ನಾಟಕ ಇರುವುದಿಲ್ಲ, ಆಗ ಹೋದರಾಯಿತು. ಅವ್ವನಿಗೆ ಏನು ಹೇಳುವುದು? ಪಾರ್ಟಿನ ಹಾಗೆ ಬರೆದು ನೋಡಿದೆ.

"ಯವ್ವಾ, ಬೆಂಗಳೂರಾಗ ನಾಟಕ ಐತಿ." ಮಳೆಗಾಲದಲ್ಲಿ ಯಾರಲೇ ಆಡಿಸೋರು ಎನ್ನುತ್ತಾಳೆ.

"ಯವ್ವಾ, ಹೊಟ್ಟಿನೋವು." ಜೊತೆಗೆ ಬರುತ್ತೇನೆ ಎನ್ನುತ್ತಾಳೆ.

"ಯವ್ವಾ, ಗಡ್ಡಿ ತಿರುಗಿ ಬಂದೈತಿ." ಇದನ್ನು ಬರೆದು ಹೊಡೆದು ಹಾಕಿದೆ. ಎಲೆ ಬಿಟ್ಟವಳು ಇದಕ್ಕೆ ಅನ್ನ ಬಿಡುತ್ತಾಳೆ.

ಫೆಬ್ರವರಿ 13, ಮಂಗಳವಾರ

ಆಗಬಾರದ್ದು ಆಯಿತು.

ಸಂಜೆ ಅವ್ವ ಪಕ್ಕದ ಮನೆಯ ನಾಗಕ್ಕನನ್ನು ಕೈ ಹಿಡಿದು ಕರೆದುಕೊಂಡು ಬಂದಳು. ನಾಗಕ್ಕನಿಗೆ ನಲವತ್ತು ಇರಬಹುದು. ಈಗ ಹುಣಸೆಹಣ್ಣಿನ ಕಾಲ, ದಿನವಿಡೀ ಮಂಡಿಯಲ್ಲಿ ಹಣ್ಣು ಕುಟ್ಟಿ ಬೀಜ ತೆಗೆಯುತ್ತಾಳೆ. ಬೆರಳೆಲ್ಲ ಕಪ್ಪು. ಅವ್ವ ಬಾಗಿಲು ಹಾಕಿದಳು.

"ಇಕಿಗೂ ಎದಿಯಾಗ ಗಡ್ಡಿ ಆಗೇತಂತವ್ವ. ಎಂಟು ತಿಂಗಳಾತಂತ, ಹನುಮಣ್ಣಗೂ ಹೇಳಿಲ್ಲ ನೋಡು, ಗಂಡಗ. ಹೆದರ್ಯಾಳ. ನಿಂದು ತಗದದ್ದು ಒಂದೀಟು ತೋರಿಸು. ಧೈರ್ಯ ಬರ್ತೈತಿ."

ನಾನು ಸೆರಗು ಬಿಗಿ ಹಿಡಿದುಕೊಂಡೆ. "ನಾಚಿಕಿ ಅದಕ್ಕ" ಎಂದಳು ಅವ್ವ, ಹೆಮ್ಮೆಯಿಂದ. ಸ್ಟೇಜಿನ ಮೇಲೆ ಕುಣಿಯುವ ಮಗಳಿಗೆ ಮನೆಯಲ್ಲಿ ಇಷ್ಟು ನಾಚಿಕೆ ಎಂದು ಅವಳಿಗೆ ಹೆಮ್ಮೆ.

ನಾಗಕ್ಕ ಕೇಳಿದಳು, "ನಿಂದು ನೋವಿತ್ತೇನವ್ವ?"

"ಇದ್ದಿಲ್ಲ."

"ನಂದೂ ಇಲ್ಲ ನೋಡು! ಎಷ್ಟು ದಿನ ಬಿಟ್ಟಿದ್ದಿ?"

ನಾನು ಬಾಯಿ ತೆಗೆಯುವ ಮೊದಲೇ ಅವ್ವ ಹೇಳಿದಳು. "ಎರಡು ವರ್ಷ! ಏನಾತು? ಕಲ್ಲಿನಂಗ ಅದಾಳ."

ನಾಗಕ್ಕನ ಮುಖ ಬಿಚ್ಚಿಕೊಂಡಿತು. "ಹಂಗಾದ್ರ ಅವಸರ ಇಲ್ಲ. ಹುಣಸಿಹಣ್ಣಿನ ಕೆಲಸ ಮುಗೀಲಿ. ಮಳಿ ಬಂದಮ್ಯಾಲೆ ನೋಡಿದ್ರಾತು."

ಹೋಗುವಾಗ ನನ್ನ ಗಲ್ಲ ಸವರಿದಳು. ಬೆರಳಿನ ಹುಳಿ ವಾಸನೆ ಇನ್ನೂ ಮುಖದಲ್ಲಿದೆ.

ಫೆಬ್ರವರಿ 14, ಬುಧವಾರ

ಸುಮ್ಮನಿದ್ದೆ.

ಫೆಬ್ರವರಿ 15, ಗುರುವಾರ

ಸುಮ್ಮನಿದ್ದೆ. ನಾಗಕ್ಕ ಮಂಡಿಯಿಂದ ಮನೆಗೆ ತಂದ ಹುಣಸೆ ಕುಟ್ಟುತ್ತಾ ಹಾಡುತ್ತಿದ್ದಳು. ಎಂಟು ತಿಂಗಳಲ್ಲಿ ಅವಳು ಹಾಡಿದ್ದು ಕೇಳಿರಲಿಲ್ಲ.

ಫೆಬ್ರವರಿ 17, ಶನಿವಾರ

ನಿನ್ನೆ ಶಿವರಾತ್ರಿ. ಇವತ್ತು ಮಂಡಿಗೆ ರಜೆ. ಮಧ್ಯಾಹ್ನ ನಾಗಕ್ಕನ ಮನೆಗೆ ಹೋಗಿ ಬಾಗಿಲು ಹಾಕಿ ಚಿಲಕ ಇಟ್ಟೆ.

"ಏನಲೇ ಇದು, ಕಳ್ಳರಂಗ?" ಎಂದಳು.

ಏನು ಹೇಳಬೇಕೆಂದು ದಾರಿಯಲ್ಲಿ ನಾಲ್ಕು ಸಲ ಬಾಯಿಪಾಠ ಮಾಡಿದ್ದೆ. ಒಂದೂ ನೆನಪಾಗಲಿಲ್ಲ. ರವಿಕೆ ಬಿಚ್ಚಿದೆ.

ಸ್ವಲ್ಪ ಹೊತ್ತು ನೋಡಿದಳು. ಕೆಳಗಿನ ಎರಡು ಗೆರೆ ನೋಡಿದಳು. ಎಡಗಡೆಯದನ್ನು ಬೆರಳಿನಿಂದ ಒತ್ತಿದಳು.

"ಇದೇನು, ಗಡ್ಡಿ ಒಳಗ ಬಿಟ್ಟಾರೇನಲೇ?"

"ಗಡ್ಡಿ ಇದ್ದೇ ಇದ್ದಿಲ್ಲ ನಾಗಕ್ಕ. ಎದೆ ಕಾಣ್ಲಿ ಅಂತ ಚೀಲ ಇಡಿಸ್ಕೊಂಡು ಬಂದೀನಿ. ಅವ್ವಗ ಸುಳ್ಳು ಹೇಳೀನಿ. ಎರಡು ವರ್ಷ ಅಂದಿದ್ದೂ ಸುಳ್ಳು. ನೀ ನನ್ನ ನೋಡಿ ಕುಂದರಬ್ಯಾಡ."

ಬೈಯುತ್ತಾಳೆ ಎಂದು ಕಾದೆ. ನಗುತ್ತಾಳೆ ಎಂದೂ ಕಾದೆ. ಅವಳು ನೆಲಕ್ಕೆ ಕುಳಿತಳು.

"ನೀನು ಬದುಕೀಯಲ್ಲ, ನಾನೂ ಬದುಕ್ತೀನಿ ಅಂದ್ಕೊಂಡಿದ್ನೆಲ್ಲೇ" ಎಂದಳು.

ಇದಕ್ಕಿಂತ ಕಪಾಳಕ್ಕೆ ಹೊಡೆದಿದ್ದರೆ ಚೆನ್ನಾಗಿತ್ತು.

ಆಮೇಲೆ ನನ್ನ ಕೈ ಹಿಡಿದು ತನ್ನ ಬಲಗಡೆ ಇಟ್ಟುಕೊಂಡಳು. ಮೆತ್ತನೆಯ ಮೈ, ಒಳಗೆ ಅಂಚಿನಲ್ಲಿ ಶೇಂಗಾಕಾಯಿಯಷ್ಟು ಗಂಟು. ಜರುಗಲಿಲ್ಲ. "ನನ್ನ ಸಂಗಾಟ ಬರ್ತೀಯೇನು?" ಎಂದಳು. ಬರುತ್ತೇನೆ ಎಂದೆ.

ಫೆಬ್ರವರಿ 20, ಮಂಗಳವಾರ

ದಾವಣಗೆರೆ. ನಾಗಕ್ಕ ಕೊನೆಗೂ ಗಂಡನಿಗೆ ಹೇಳಿದ್ದಳು, ಹನುಮಣ್ಣನೂ ಬಂದಿದ್ದ, ಹೊರಗೆ ಬೇವಿನ ಗಿಡದ ಕೆಳಗೆ ನಿಂತೇ ಇದ್ದ. ಅದೇ ನರ್ಸು. "ಟೈಲರಮ್ಮ ಬಂದ್ಯಾ? ಬಟ್ಟೆ ತಂದಿದ್ನಲ್ಲ" ಎಂದಳು.

"ಟೈಲರ್ ಅಲ್ರಿ ನಾನು. ನಾಟಕದಾಕಿ."

"ಹಂಗಾದ್ರೆ ಅವತ್ತು ಲೈನಿಂಗ್ ಹಾಕ್ತೀನಿ ಅಂದ್ಯಲ್ಲ!" ನಾಗಕ್ಕನಿಗೆ ನಗು ತಡೆಯಲಾಗಲಿಲ್ಲ.

ಡಾಕ್ಟರು ನಾಗಕ್ಕನ ಗಂಟಿಗೆ ಸೂಜಿ ಹಾಕಿ ತೆಗೆದುಕೊಂಡರು. ಒಂದು ವಾರಕ್ಕೆ ತಿಳಿಯುತ್ತದಂತೆ. ಇನ್ನೊಂದು ಕಡೆಯನ್ನು ತಿಂಗಳಿಗೊಮ್ಮೆ ತಾನೇ ಹೇಗೆ ಒತ್ತಿ ನೋಡಿಕೊಳ್ಳಬೇಕೆಂದು ಹೇಳಿಕೊಟ್ಟರು, ಮೂರು ಬೆರಳು ಸೇರಿಸಿ, ಸುತ್ತುತ್ತಾ. ನಾನು ಪಕ್ಕದಲ್ಲಿದ್ದೆ. ಸೆರಗಿನ ಕೆಳಗೆ ನಾನೂ ಹಾಗೇ ಒತ್ತಿ ನೋಡಿದೆ. ಬಲಗಡೆ ಏನೋ ಸ್ವಲ್ಪ ತಿಳಿಯಿತು. ಎಡಗಡೆ ಬೆರಳು ಎಲ್ಲಿ ಇಟ್ಟರೂ ಒಂದೇ. ಮೇಲೆ ಮರಗಟ್ಟಿದೆ, ಒಳಗೆ ಗಟ್ಟಿ.

"ನನಗ ಗಡ್ಡಿ ಬಂದ್ರ ಹೆಂಗ ತಿಳೀತೈತ್ರಿ?" ಎಂದು ಕೇಳಿದೆ.

"ಹೀಗಿದ್ರೆ ಕೈಗೆ ತಿಳಿಯೋದು ಕಷ್ಟ. ಮಿಷನ್ನಿನಲ್ಲೂ ನೋಡೋದು ಸುಲಭ ಅಲ್ಲ" ಎಂದರು.

ಬಸ್ಸಿನಲ್ಲಿ ಹರಪನಹಳ್ಳಿ ಬರುವವರೆಗೂ ಅದನ್ನೇ ಯೋಚಿಸಿದೆ. ಇಲ್ಲದ ಗಡ್ಡೆಗೆ ಅವ್ವ ಹರಕೆ ಹೊತ್ತಳು. ಇರುವ ಗಡ್ಡೆ ಬಂದರೆ ನನಗೇ ಗೊತ್ತಾಗುವುದಿಲ್ಲ.

ಫೆಬ್ರವರಿ 26, ಸೋಮವಾರ

ಹಂಪಸಾಗರದ ನಾಟಕ ಆಯಿತು. ನೋಟು ಚುಚ್ಚಲು ಬಂದವರ ಕೈಯಿಂದ ಪಿನ್ನು ನಾನೇ ತೆಗೆದುಕೊಂಡು ಸೆರಗಿನ ತುದಿಗೆ ಹಾಕಿಕೊಂಡೆ. ಗಾದೆಕ್ಕ ಆ ತಾಲೀಮಿನ ದಿನದಿಂದ ಮಾತು ಬಿಟ್ಟಿದ್ದಳು. ಅವಳ ಕಾಲು ಹಿಡಿಯುವ ಸೀನು ಇತ್ತು. ಇರಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಹಿಡಿದೆ. "ಬಿಡಲೇ, ಮಾಸ್ಟರು ನೋಡಾಕತ್ಯಾರ" ಎಂದಳು, ತುಟಿ ಅಲುಗಿಸದೆ.

ಮಾರ್ಚ್ 1, ಗುರುವಾರ

ನಾಗಕ್ಕನದು ಕೆಟ್ಟ ಗಡ್ಡೆಯೇ. ಬೇಗ ಬಂದಿದ್ದೀರಿ, ಇನ್ನೂ ಕಂಕುಳಿಗೆ ಹೋದಂತಿಲ್ಲ ಎಂದರು. ಬಲಗಡೆ ಪೂರ್ತಿ ತೆಗೆಯಬೇಕು.

ಸರ್ಜನ್ ಕೂಡ ಇದ್ದರು. ನನ್ನದನ್ನೂ ನೋಡಿದರು. "ಹೊಸದು ಇಡೋಣವೇ?" ಎಂದರು. ಬೇಡ, ಎರಡೂ ತೆಗೆಯಿರಿ ಎಂದೆ. ಹೇಳಿ ಮುಗಿದ ಮೇಲೆ ಹೆದರಿಕೆಯಾಯಿತು. ಮೊದಲಿನಷ್ಟು ಚೆನ್ನಾಗಿಯೂ ಇರುವುದಿಲ್ಲ, ಚರ್ಮ ಸಡಿಲ ಬೀಳುತ್ತದೆ ಎಂದರು. ಸರಿ ಎಂದೆ.

ಹುಲುಗಣ್ಣ ಮಾಸ್ಟರಿಗೆ ಬೂತಿನಿಂದ ಫೋನ್ ಮಾಡಿ ಹಡಗಲಿಯ ನಾಟಕಕ್ಕೆ ಬರಲಾಗುವುದಿಲ್ಲ, ಮುಂದೆಯೂ ಹೀರೋಯಿನ್ ಪಾರ್ಟಿಗೆ ನನ್ನನ್ನು ನೆಚ್ಚಬೇಡಿ ಎಂದೆ. ಯಾಕೆ ಎಂದು ಕೇಳಲಿಲ್ಲ. "ಆತವ್ವ, ಬ್ಯಾರೆ ಹುಡುಗಿ ನೋಡ್ತೀನಿ" ಎಂದರು. ಅಷ್ಟೇ. ಹತ್ತು ವರ್ಷದ್ದು ಒಂದು ರೂಪಾಯಿ ಕಾಯಿನ್ನಿನಲ್ಲಿ ಮುಗಿಯಿತು. ಬೂತಿನಲ್ಲಿ ಅತ್ತೆ, ಪಾರ್ಟಿನ ಅಳು ಅಲ್ಲ.

ಮಾರ್ಚ್ 3, ಶನಿವಾರ

ಅವ್ವನಿಗೆ ಹೇಳಿದೆ. ಭಟ್ಟಿಯಿಂದ ಬಂದು ಕಾಲು ತೊಳೆಯುತ್ತಿದ್ದಳು. ತಲೆಯಲ್ಲಿ ಮಂಡಕ್ಕಿಯ ಹೊಟ್ಟು. ಎಲ್ಲ ಹೇಳಿದೆ, ಚಿಗಟೇರಿಯ ಬಟ್ಟೆ ಉಂಡೆಯಿಂದ ಹಿಡಿದು.

"ಹಂಗಾದ್ರ ಗಡ್ಡಿ ಇದ್ದಿಲ್ಲ?" ಎಂದಳು.

"ಇದ್ದಿಲ್ಲ ಯವ್ವಾ."

"ಒಟ್ಟ ಇದ್ದಿಲ್ಲ?"

"ಇಲ್ಲ."

ತಂಬಿಗೆ ಕೆಳಗಿಟ್ಟಳು. "ನೀ ಮಲಗಿದಾಗ ಉಸುರು ನೋಡ್ತಿದ್ನೆಲ್ಲೇ ನಾನು. ದಿನಾ ಎದ್ದು ನೋಡ್ತಿದ್ದೆ." ಅಷ್ಟು ಹೇಳಿ ಅತ್ತಳು. ನನ್ನ ಮುಖವನ್ನು ಎರಡು ಕೈಯಲ್ಲಿ ಹಿಡಿದುಕೊಂಡು, ಇದ್ದಿಲ್ಲಂತ, ಇದ್ದಿಲ್ಲಂತ ಎಂದು ತನಗೇ ಹೇಳಿಕೊಂಡಳು. ಆಮೇಲೆ ಸಿಟ್ಟು ಬಂತು. ಪೊರಕೆ ತೆಗೆದುಕೊಂಡಳು. "ಎರಡೂವರಿ ವರ್ಷ! ಎಲಿ ಇಲ್ಲದ ನನ್ನ ಬಾಯಿ ಹಾಳು ಬಾವಿ ಆಗೇತಿ, ರಂಡೆ!" ಬೆನ್ನಿಗೆ ಎರಡು ಬಿತ್ತು. ನಾನು ಓಡಲಿಲ್ಲ.

ಊಟವಾದ ಮೇಲೆ ಅಂಗಡಿಗೆ ಹೋಗಿ ಐದು ಎಲೆ, ಒಂದು ಅಡಿಕೆ ತಂದು ಅವಳ ಮುಂದೆ ಇಟ್ಟೆ. ನೋಡಿದಳು. ಎಲೆಯ ಮೇಲೆ ಬೆರಳು ಆಡಿಸಿದಳು. ತೊಟ್ಟು ಕೂಡ ಮುರಿದಳು. ಮತ್ತೆ ನನ್ನ ಕಡೆ ಸರಿಸಿದಳು.

"ಬಿಟ್ಟದ್ದು ಬಿಟ್ಟಂಗ ಇರಲಿ. ಇಷ್ಟು ದಿನದ್ದು ಊರಮ್ಮ ನಾಗಿ ಹೆಸರಿಗೆ ಬರಕೊಳ್ಳಲಿ."

ಮಾರ್ಚ್ 15, ಗುರುವಾರ

ದಾವಣಗೆರೆ ಆಸ್ಪತ್ರೆ. ಬರೆಯಲು ಕೈ ಎತ್ತಿದರೆ ಎಳೆಯುತ್ತದೆ. ಸ್ವಲ್ಪ ಬರೆಯುತ್ತೇನೆ.

ನಾಗಕ್ಕನದು ಸೋಮವಾರ ಆಯಿತು, ನನ್ನದು ಇವತ್ತು ಬೆಳಿಗ್ಗೆ. ಅಕ್ಕಪಕ್ಕದ ಮಂಚ. ಅವಳಿಗೆ ಇನ್ನೂ ಔಷಧಿ ಬಹಳ ದಿನ ಇದೆಯಂತೆ. ಅವ್ವ ಇಬ್ಬರ ನಡುವೆ ಕುಳಿತಿದ್ದಾಳೆ.

ಸಂಜೆ ಗಾದೆಕ್ಕ ಬಂದಳು. ಚೀಲದಿಂದ ಒಂದು ಒಳರವಿಕೆ ತೆಗೆದಳು. ಒಳಗೆ ಹತ್ತಿಯ ಎರಡು ದಿಂಬು, ಸುತ್ತಲೂ ಹೊಲಿಗೆ. "ನಾಕು ಸುತ್ತು ಹೊಲದೀನಿ. ಇದು ಬಿದ್ರ ಬಂದು ನನ್ನ ಕೇಳು. ಹೀರೋಯಿನ್ ಪಾರ್ಟು ಯಾಕ ಬಿಡ್ತೀ, ಮೂಳಾ?" ಆಮೇಲೆ ನಾಗಕ್ಕನ ಕಡೆ ತಿರುಗಿದಳು. "ನಿನಗೂ ಹೊಲೀಲೇನವ್ವ? ನಿನಗ ಒಂದ ಸಾಕಲ್ಲ, ಅರ್ಧ ಹತ್ತಿ ಉಳೀತೈತಿ."

ನಾಗಕ್ಕ ಹೊಲಿಗೆ ಒತ್ತಿ ಹಿಡಿದುಕೊಂಡು ನಕ್ಕಳು. "ನಗಸಬ್ಯಾಡ್ರೇ, ಜೀವ ಹೋಗ್ತೈತಿ."

ನಗು ಕೇಳಿ ಎದುರು ಮಂಚದ ರೋಗಿಯ ತಾಯಿ, ಜಗಳೂರು ಕಡೆಯವಳು, ಈಚೆ ಬಂದಳು. ನಾಗಕ್ಕನದು ಕೇಳಿ ಲೊಚಗುಟ್ಟಿದಳು. ಆಮೇಲೆ ನನ್ನ ಕಡೆ ತೋರಿಸಿ ಅವ್ವನನ್ನು ಕೇಳಿದಳು, "ನಿಮ್ಮ ಮಗಳಿಗೆ ಏನಾಗಿತ್ತಮ್ಮ?"

ಅವ್ವ ನೆಲ ನೋಡಿದಳು. ಅವಳ ಕೈ ಸೊಂಟಕ್ಕೆ ಹೋಗಿ, ಸಂಚಿ ಸಿಗದೆ, ಹಿಂದಕ್ಕೆ ಬಂತು.

"ಗಡ್ಡಿ ರೀ" ಎಂದಳು.

ಅವ್ವನ ಬಾಯಲ್ಲಿ ನನ್ನ ಸುಳ್ಳು. ನಾಗಕ್ಕ ಕಣ್ಣು ಮುಚ್ಚಿಕೊಂಡಿದ್ದಳು. ನನ್ನ ಮುಖ ಸುಟ್ಟಂತಾಯಿತು.

"ಗಡ್ಡಿ ಅಲ್ರಿ" ಎಂದೆ.

"ಮತ್ತೇನು?" ಎಂದು ಜಗಳೂರಿನಾಕೆ ಸ್ಟೂಲು ಎಳೆದುಕೊಂಡು ಕುಳಿತಳು.